ಚಕ್ರದಡಿ ಉಳಿದ ನಿಂಬೆಹಣ್ಣು

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಗಾಡಿಯಲ್ಲ, ಅದರ ಚಕ್ರಗಳ ಮುಂದಿದ್ದ ನಿಂಬೆಹಣ್ಣುಗಳು. ಆಯುಧಪೂಜೆ ಕಳೆದು ಕೆಲವು ದಿನಗಳಾಗಿದ್ದವು. ಆ ಹೊತ್ತಿಗೆ ಊರೂರಲ್ಲೂ ಅಂಥ ಹಣ್ಣುಗಳು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿ, ಒಣಗಿ ನೆಲಕ್ಕಂಟಿಕೊಂಡಿರುತ್ತವೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಆ ಮನೆಯಂಗಳದಲ್ಲಿ ಮಾತ್ರ ನಾಲ್ಕೂ ಹಣ್ಣು ಇಟ್ಟಲ್ಲೇ ಇದ್ದವು. ಸಿಪ್ಪೆ ಕಂದಿತ್ತು, ಹಚ್ಚಿದ್ದ ಕುಂಕುಮ ಇಬ್ಬನಿಗೆ ಇಳಿದಿತ್ತು. ಒಂದಕ್ಕೂ ಪೆಟ್ಟಾಗಿರಲಿಲ್ಲ.

“ನಿಂಬೆಹಣ್ಣ ಮುಟ್ಬ್ಯಾಡಿ ಮೇಸ್ತ್ರಿ,” ಎಂದರು ಯಜಮಾನರು, ನಾನಿನ್ನೂ ಟೂಲ್ ಬ್ಯಾಗು ಕೆಳಗಿಡುವ ಮೊದಲೇ. “ಗಾಡಿ ಅದ್ರ ಮ್ಯಾಲೆ ಅತ್ತಿ ಇಳೀಬೇಕು, ಆಮೇಲೇ ತಗೆಯೋದು. ಹೂವನ್ನೂ ಅಷ್ಟೇ. ನಮ್ಮನೆಯೋಳ ಆರ್ಡರು.”

ನಿಂಬೆಹಣ್ಣು ತುಳಿಯದೆ, ಹೂವು ಕದಲಿಸದೆ ರಿಪೇರಿ ಮಾಡು ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಆಗಲಿ ಎಂದೆ. ಬಾನೆಟ್ಟಿಗೆ ಕಟ್ಟಿದ್ದ ಬಾಳೆಕಂದಿನ ಎಲೆ ಹರಿದು ಹಳದಿಯಾಗಿತ್ತು. ಒಳಗೆ ಡ್ಯಾಶ್‌ಬೋರ್ಡಿನ ಉದ್ದಕ್ಕೂ ಸೇವಂತಿಗೆಯ ದಪ್ಪ ಹಾರ ಮಲಗಿತ್ತು. ಅದರ ಒಂದು ತುದಿ ಸ್ಟೀರಿಂಗಿನ ಹಿಂದೆ ಮೀಟರಿನ ಮೇಲೆ ಇಳಿಬಿದ್ದಿತ್ತು.

2000ದ ದಶಕದ ನಡುವಿನ ಮಾತು ಇದು. ಹಾಸನದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಲಾರಿ, ಜೀಪು, ಟ್ರ್ಯಾಕ್ಟರುಗಳ ಡೈನಮೋ, ಸೆಲ್ಫ್ ಮೋಟಾರು, ವೈರಿಂಗು ಇವೇ ನನ್ನ ಅನ್ನ. ಕಂಪ್ಯೂಟರ್ ಇರುವ ಗಾಡಿಗಳು ಆಗಷ್ಟೇ ಒಂದೊಂದಾಗಿ ಅಂಗಡಿಯ ಮುಂದೆ ಬಂದು ನಿಲ್ಲತೊಡಗಿದ್ದವು. ನಾನು ಸ್ವಲ್ಪ ಓದಿ, ಸ್ವಲ್ಪ ಕೇಳಿ, ಮಿಕ್ಕಿದ್ದನ್ನು ಧೈರ್ಯದ ಮೇಲೆ ಬಿಟ್ಟು ಕೆಲಸ ಮಾಡುತ್ತಿದ್ದೆ.

ಯಜಮಾನರ ಗಾಡಿ ನಮ್ಮ ಕಡೆಯ ರಸ್ತೆಗಳಿಗೆ ಬಲು ದೊಡ್ಡದು. ವಿದೇಶದ್ದು, ನಾಲ್ಕು ಚಕ್ರಕ್ಕೂ ಎಳೆತವಿರುವಂಥದ್ದು, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಚರ್ಮದ ಸೀಟು, ಬಾಗಿಲಿಗೆ ಮರದ ಪಟ್ಟಿ. ಒಬ್ಬ ಕಾಫಿ ಪ್ಲಾಂಟರು ಹತ್ತು ವರ್ಷ ಓಡಿಸಿ ಬೇಸತ್ತು ಕೊಟ್ಟಿದ್ದನ್ನು ಇವರು ಕೊಂಡಿದ್ದರು. ಆಲೂಗಡ್ಡೆ ಹೊಲಕ್ಕೂ ಅದೇ, ಮದುವೆಮನೆಗೂ ಅದೇ. ಆ ವರ್ಷದ ಬೇಸಿಗೆಯಲ್ಲಿ ಮಗನ ಮದುವೆಯಾಗಿ ಸೊಸೆಯನ್ನು ಹೊಳೆನರಸೀಪುರದಿಂದ ಮನೆ ತುಂಬಿಸಿಕೊಂಡದ್ದೂ ಅದರಲ್ಲೇ. ಮಗ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಮನೆಗೆ ಬರುವವನು.

ಕೆಟ್ಟದ್ದು ಹೇಗೆ ಎಂದು ಕೇಳಿದೆ.

“ಕೆಟ್ಟಿದ್ದೇ ಗೊತ್ತಾಗ್ನಿಲ್ಲ ಕಣಪ್ಪ,” ಎಂದರು. “ಇಂದಿನ್ ವಾರ ತ್ವಾಟಕ್ಕೋಗಿ ಬಂದು ನಿಲ್ಸಿದ್ದೆ, ಚೆಂದಾಗಿತ್ತು. ಅಬ್ಬದ ಬೆಳಿಗ್ಗೆ ತೊಳುದ್ವಿ. ಪೂಜೆ ಆಯ್ತು, ಕುಂಬಳಕಾಯಿ ಒಡುದ್ವಿ. ನೆಂಟ್ರೆಲ್ಲ ನೋಡ್ತಾ ನಿಂತವ್ರೆ. ಕೀ ತಿರುವ್ತೀನಿ, ಕುಯ್ಯ್ ಕುಯ್ಯ್ ಅಂತದೆ, ಅಷ್ಟೇಯ. ಬ್ಯಾಟ್ರಿ ವಸಾದು.”

“ಎಂಜಿನ್ನೂ ತೊಳೆದ್ರಾ?”

“ಬುಡ್ತೀವಾ? ಆಲೂಗಡ್ಡೆಗೆ ಔಸ್ದಿ ಒಡೆಯೋ ಪಂಪಿಂದ ಪ್ರೆಸರ್ ಕೊಟ್ಟು ತೊಳ್ದಿದ್ದು!”

ನನಗೆ ಒಳಗೊಳಗೇ ಖುಷಿಯಾಯಿತು. ಬೆಳೆಗೆ ಔಷಧಿ ಹೊಡೆಯುವ ಪಂಪಿನ ನೀರು ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಕಾರಣ ಸಿಕ್ಕೇಬಿಟ್ಟಿತು, ಮಧ್ಯಾಹ್ನದ ಬಸ್ಸಿಗೆ ಹಾಸನ ಸೇರಬಹುದು ಅಂದುಕೊಂಡೆ. ಪ್ಲಗ್ಗುಗಳನ್ನು ಬಿಚ್ಚಿದರೆ ಗುಂಡಿಗಳಲ್ಲಿ ಇನ್ನೂ ನೀರು ನಿಂತಿತ್ತು. ಬಟ್ಟೆಯಿಂದ ಹೀರಿಸಿದೆ. ಕಾಯಿಲಿನ ವೈರುಗಳನ್ನು ಕಳಚಿ ಬಿಸಿಲಿಗೆ ಹರಡಿದೆ. ಕೈಗೆ ಸಿಕ್ಕ ಕನೆಕ್ಟರುಗಳನ್ನೆಲ್ಲ ಬಿಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಮತ್ತೆ ಸೇರಿಸಿದೆ. ಎಲ್ಲವೂ ಒಣಗಿದ ಮೇಲೆ ಯಜಮಾನರು ಕೀ ತಿರುಗಿಸಿದರು. ಕುಯ್ಯ್ ಕುಯ್ಯ್. ಅಷ್ಟೇಯ.

ಗಾಡಿ ಕೆಟ್ಟು ನಿಂತರೆ ಊರಿನಲ್ಲಿ ಮೆಕ್ಯಾನಿಕ್ ಅಲ್ಲದವರು ಒಬ್ಬರೂ ಉಳಿಯುವುದಿಲ್ಲ. ಒಬ್ಬರು ಸೈಲೆನ್ಸರಿನೊಳಗೆ ಇಲಿ ಹೊಕ್ಕಿದೆ ಎಂದರು. ಒಬ್ಬರು ತಳ್ಳಿ ನೋಡೋಣ ಎಂದು ತೋಳು ಮಡಿಸಿದರು. ಅದು ಗೇರ್ ತಾನಾಗಿ ಬೀಳುವ ಗಾಡಿ, ಅರಕಲಗೂಡಿನವರೆಗೆ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ ಎಂದು ವಿವರಿಸಿ ನನ್ನ ಗಂಟಲು ಒಣಗಿತು. ಕೊನೆಗೆ ಕೈಮುಗಿದು ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ, ಮೊದಲಿಂದ ಶುರುಮಾಡಿದೆ.

ಎಂಜಿನ್ ಓಡುವುದಕ್ಕೆ ಬೇಕಾದದ್ದು ಗಾಳಿ, ಪೆಟ್ರೋಲು, ಕಿಡಿ. ಪ್ಲಗ್ಗನ್ನು ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸಿದೆ, ನೀಲಿ ಕಿಡಿ ಚಟಪಟ ಹಾರಿತು. ಪೆಟ್ರೋಲಿನ ಪೈಪು ಸಡಿಲಿಸಿದೆ, ಮುಖಕ್ಕೇ ಚಿಮ್ಮಿತು. ಎರಡೂ ಇವೆ. ಆದರೂ ಬಿಚ್ಚಿ ನೋಡಿದ ಪ್ಲಗ್ಗುಗಳೆಲ್ಲ ಒಣ ಒಣ. ಅಂದರೆ ಪೆಟ್ರೋಲು ಬಾಗಿಲವರೆಗೆ ಬಂದಿದೆ, ಒಳಗೆ ಹೋಗುತ್ತಿಲ್ಲ. ಅದನ್ನು ಒಳಗೆ ಬಿಡುವುದು ಇಂಜೆಕ್ಟರು, ಇಂಜೆಕ್ಟರಿಗೆ ಹುಕುಂ ಕೊಡುವುದು ಕಂಪ್ಯೂಟರು. ಇಂಜೆಕ್ಟರಿನ ವೈರಿಗೆ ಸಣ್ಣ ಬಲ್ಬು ಸಿಕ್ಕಿಸಿದೆ. ಎಂಜಿನ್ ತಿರುಗುವಾಗ ಅದು ಮಿಣಮಿಣ ಅನ್ನಬೇಕು. ಅನ್ನಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಗಾಳಿಯ ಕೊಳವೆಯೊಳಗೆ ಸಿರಿಂಜಿನಿಂದ ಚೂರು ಪೆಟ್ರೋಲು ಹಾಕಿ ಕೀ ತಿರುಗಿಸಲು ಹೇಳಿದೆ. ಎಂಜಿನ್ ಒಮ್ಮೆ ಭೋರ್ರೆಂದಿತು! ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಅಡುಗೆಮನೆಯಿಂದ ಹುಡುಗಿಯೊಬ್ಬಳು ಒದ್ದೆ ಕೈಯಲ್ಲೇ ಬಾಗಿಲವರೆಗೆ ಓಡಿಬಂದಳು. ಹಾಕಿದ ಪೆಟ್ರೋಲು ಮುಗಿಯಿತು, ಎಂಜಿನ್ ನಿಂತಿತು. ಆ ಹುಡುಗಿಯ ಮುಖ ಇಳಿದುಹೋದದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಯಜಮಾನರಿಗಿಂತ ಅವಳಿಗೇ ಹೆಚ್ಚು ಪೆಟ್ಟು ಬಿದ್ದ ಹಾಗಿತ್ತು.

ಕಾರಣ ಸಂಜೆಯ ಹೊತ್ತಿಗೆ ತಿಳಿಯಿತು. ಕಂಪ್ಯೂಟರಿನ ಪೆಟ್ಟಿಗೆ ಹುಡುಕುತ್ತಾ ನಾನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದೆ. ಯಜಮಾನರ ಹೆಂಡತಿ, ನಾನು ಅಮ್ಮಾವ್ರೇ ಎಂದು ಕರೆಯುತ್ತಿದ್ದವರು, ಅಂಗಳದಲ್ಲಿ ನೆರೆಮನೆಯಾಕೆಯ ಜೊತೆ ಮಾತಾಡುತ್ತಿದ್ದರು.

“ಸ್ವಾಸೆ ಬಂದ್ಮ್ಯಾಕೆ ಮೊದಲ್ನೇ ಅಬ್ಬ. ದೇವ್ರ ಮುಂದೆ ನಿಂತ್ಕಂಡೇ ಗಾಡಿ ನಿಂತೋಯ್ತಲ್ಲವ್ವ.”

“ಕಾಲ್ಗುಣ ಅಂತಾರಲ್ಲ, ಅದೇನೇ ಇರ್ಬೌದು ಬುಡಿ,” ಎಂದಳು ನೆರೆಯಾಕೆ.

“ನಾನಂಗಂತ ಅನ್ನಾಕಿಲ್ಲ ಕಣವ್ವ. ಬಂದೋರು ಅಂದ್ಬುಟ್ಟು ಓದ್ರು, ಅದು ಕಿವೀಲೇ ಕುಂತದೆ. ಎಂಗೂ ದೀಪಾವಳಿಗೆ ತವ್ರಿಗೆ ಕಳುಸ್ಬೇಕು. ಈಗ್ಲೇ ಬಸ್ ಅತ್ತಿಸ್ಬುಟ್ರೆ ಆಯ್ತು. ಗಾಡಿ ಸರೋಗ್ಲಿ, ಆಮೇಲ್ ಕರ್ಸ್ಕಳಾನ.”

ಮದುವೆಯಾದ ಮೊದಲ ದೀಪಾವಳಿ ನಮ್ಮಲ್ಲಿ ಎಂಥದ್ದೆಂದು ಹೇಳಬೇಕಾಗಿಲ್ಲ. ತವರಿನವರು ಬಂದು ಕರೆಯುತ್ತಾರೆ, ಮಗಳು ಅಳಿಯ ಜೊತೆಯಾಗಿ ಹೋಗುತ್ತಾರೆ, ಎಣ್ಣೆ ನೀರು, ಹೊಸ ಬಟ್ಟೆ. ಅಂಥ ಹಬ್ಬಕ್ಕೆ ಎಷ್ಟೋ ದಿನ ಮೊದಲೇ, ಗಂಡನಿಲ್ಲದೆ, ಬಸ್ಸಿನಲ್ಲಿ ಒಬ್ಬಳೇ ಬ್ಯಾಗು ಹಿಡಿದು ಇಳಿದರೆ ಹೊಳೆನರಸೀಪುರದಂಥ ಊರಿನಲ್ಲಿ ಬಸ್ ಸ್ಟ್ಯಾಂಡಿನಿಂದ ಮನೆ ಸೇರುವಷ್ಟರಲ್ಲಿ ಕಥೆ ಹುಟ್ಟಿಕೊಂಡಿರುತ್ತದೆ. ಗಾಡಿ ಸರಿಹೋಗುವ ತನಕ ಎಂದರೆ ಎಲ್ಲಿಯ ತನಕ? ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಅದನ್ನೆಲ್ಲ ಒಂದು ತುಕ್ಕು ಹಿಡಿದ ಸ್ಕ್ರೂವಿನ ಮೇಲೆ ತೀರಿಸಿಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಕಂಪ್ಯೂಟರಿನ ಪೆಟ್ಟಿಗೆ ಎಡಗಡೆಯ ಸೀಟಿನವರ ಕಾಲಿನ ಬಳಿ, ಕಾರ್ಪೆಟ್ಟಿನ ಹಿಂದಿತ್ತು. ನೀರು ಹೊಕ್ಕಿರಬಹುದು ಎಂಬ ಆಸೆಯಿಂದಲೇ ಬಿಚ್ಚಿದೆ. ಹೌದು, ಆಸೆಯೇ. ನೀರು ಸಿಕ್ಕಿದರೆ ಕಾರಣ ಸಿಕ್ಕ ಹಾಗೆ. ಒಳಗೆ ನಿನ್ನೆ ಜೋಡಿಸಿದ ಹಾಗೆ ಒಣಗಿ, ಹೊಳೆಯುತ್ತಾ ಇತ್ತು. ಅದಕ್ಕೆ ಬರುವ ಕರೆಂಟು ಸರಿ, ಅರ್ಥಿಂಗು ಸರಿ. ಎಂಜಿನ್ ತಿರುಗುವುದು ಅದಕ್ಕೆ ತಿಳಿಯುತ್ತಿದೆ, ಇಲ್ಲದಿದ್ದರೆ ಕಿಡಿಯೇ ಬರುತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ ಇಂಜೆಕ್ಟರಿಗೆ ಮಾತ್ರ ಹೂಂ ಅನ್ನುತ್ತಿಲ್ಲ.

“ಕಂಪ್ಯೂಟ್ರೇ ಓಗದಾ?” ಎಂದು ಕೇಳಿದರು ಯಜಮಾನರು. ಅವರ ನೆಂಟರೊಬ್ಬರು ಆಗಲೇ ಫೋನ್ ಮಾಡಿ, ಗಾಡಿಯನ್ನು ಲಾರಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸಿ, ಅಲ್ಲಿ ಹೊರದೇಶದಿಂದ ಕಂಪ್ಯೂಟರ್ ತರಿಸುತ್ತಾರೆ ಎಂದಿದ್ದರಂತೆ. ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತದಂತೆ.

ಹೌದು ಎಂದುಬಿಡುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಬಾಗಿಲಲ್ಲಿ ಆ ಹುಡುಗಿ, ಮನೆಯ ಸೊಸೆ, ನಿಂತಿದ್ದಳು, ನಾನೇನು ಹೇಳುತ್ತೇನೆಂದು ಕೇಳಿಸಿಕೊಳ್ಳಲು. “ಇವತ್ತೊಂದು ದಿನ ಕೊಡಿ ಗೌಡ್ರೇ,” ಎಂದೆ.

ಯಜಮಾನರು ಗಾಡಿಯನ್ನೂ ನನ್ನನ್ನೂ ಒಮ್ಮೆ ನೋಡಿದರು. “ಒಂದಿನ ಯಾಕ್ಲಾ, ಎಲ್ಡು ದಿನ ತಗೋ. ನೀ ಬುಟ್ಟೋಗ್ದೆ ಇದ್ರೆ ಸಾಕು.” ಅವರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ನನ್ನ ಮುಖದಲ್ಲಿದ್ದ ಸೋಲನ್ನು ನೋಡಿಯೇ ಲಾರಿ ಕರೆಸುತ್ತಿದ್ದರು. ಆ ಎರಡು ದಿನವನ್ನು ಅವರು ಎಷ್ಟು ಸಲೀಸಾಗಿ ಕೊಟ್ಟರು ಎಂದು ಈಗಲೂ ನೆನೆಯುತ್ತೇನೆ.

ನನಗೆ ಕೆಲಸ ಕಲಿಸಿದ ಗುರುಗಳು ಮೈಸೂರಿನಲ್ಲಿದ್ದರು. ಮೊಬೈಲ್ ಕೈಯಲ್ಲಿತ್ತು, ಆದರೆ ಸಿಗ್ನಲ್ ಬೇಕೆಂದರೆ ಕೆರೆಯ ಏರಿಗೆ ಹೋಗಬೇಕು. ಏರಿಯ ತುದಿಯಲ್ಲಿ ಒಂದು ಕಲ್ಲಿನ ಮೇಲೆ ನಿಂತರೆ ಎರಡು ಕಡ್ಡಿ ಸಿಗುತ್ತದೆ, ಕಲ್ಲಿನಿಂದ ಇಳಿದರೆ ಇಲ್ಲ. ಕಲ್ಲಿನ ಮೇಲೆ ನಿಂತು ಎಲ್ಲವನ್ನೂ ಒಂದು ಬಿಡದೆ ಒಪ್ಪಿಸಿದೆ.

“ಕಂಪ್ಯೂಟರ್ ಹಾಳಾಗಿದ್ರೆ ಕಿಡಿ ಯಾಕೋ ಕೊಡುತ್ತೆ?” ಎಂದರು ಗುರುಗಳು. “ಅದು ಹಾಳಾಗಿಲ್ಲ, ಬೇಕು ಅಂತಲೇ ಪೆಟ್ರೋಲ್ ಕೊಡ್ತಿಲ್ಲ. ಕಳ್ಳ ಬಂದಿದ್ದಾನೆ ಅಂದ್ಕೊಂಡಿದೆ.”

ಆಗ ಅವರು ಬಿಡಿಸಿ ಹೇಳಿದರು. ಆ ಕಾಲದ ದೊಡ್ಡ ಗಾಡಿಗಳ ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಅಕ್ಕಿಕಾಳಿನಷ್ಟು ಗಾಜಿನ ಚೂರೊಂದು ಇರುತ್ತದೆ. ಕೀ ತೂರಿಸುವ ಜಾಗದ ಸುತ್ತ ಬಳೆಯಂತೆ ತಂತಿ ಸುತ್ತಿರುತ್ತದೆ. ತಂತಿ ಆ ಕಾಳನ್ನು ಗುರುತು ಹಿಡಿದರೆ ಮಾತ್ರ ಕಂಪ್ಯೂಟರ್ ಪೆಟ್ರೋಲಿಗೆ ಒಪ್ಪುತ್ತದೆ. ಗುರುತು ಸಿಗದಿದ್ದರೆ ಸೆಲ್ಫ್ ತಿರುಗುತ್ತದೆ, ಕಿಡಿಯೂ ಬರುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. “ಮೀಟರಿನ ಮೂಲೆಯಲ್ಲಿ ಒಂದು ಕೆಂಪು ದೀಪ ಇರುತ್ತೆ ನೋಡು. ಕೀ ಹಾಕಿದ ಮೇಲೆ ಆರಿಹೋಗಬೇಕು. ಆರುತ್ತಾ?”

“ಅಂಥ ದೀಪ ನಾನು ನೋಡಲೇ ಇಲ್ಲ ಸಾ,” ಎಂದೆ.

“ನೋಡದೆ ಕಂಪ್ಯೂಟರ್ ಬಿಚ್ಚಿದೆಯಾ, ಭೂಪ!” ಎಂದು ಬೈದು ಫೋನ್ ಇಟ್ಟರು. ಅಂಥ ಬೈಗುಳ ತಿನ್ನುವ ಭಾಗ್ಯ ನನಗೆ ಅವರಿರುವವರೆಗೂ ಇತ್ತು.

ವಾಪಸು ಬಂದು ಡ್ರೈವರ್ ಸೀಟಿನಲ್ಲಿ ಕೂತೆ. ಮೀಟರಿನ ಮೂಲೆ ಹಾರದ ಅಡಿಯಲ್ಲಿತ್ತು. ತೆಗೆಯುವ ಹಾಗಿಲ್ಲ. ತೆಗೆಯಬಾರದೆಂದರು, ಸರಿಸಬಾರದೆಂದು ಯಾರೂ ಹೇಳಿಲ್ಲ ಎಂದುಕೊಂಡು, ಬಾಡಿದ ಸೇವಂತಿಗೆಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಪರದೆಯ ಹಾಗೆ ಎತ್ತಿದೆ. ಸಾಸಿವೆಯಷ್ಟು ಕೆಂಪು ದೀಪ ಮಿಣುಕುತ್ತಿತ್ತು. ಕೀ ತಿರುಗಿಸಿದೆ. ಆರಲಿಲ್ಲ. ಹಬ್ಬದ ದಿನದಿಂದಲೂ ಅದು ಹೂವಿನ ಕೆಳಗೆ ಹಾಗೇ ಬಡಿದುಕೊಳ್ಳುತ್ತಿತ್ತು.

ಆಗ ಮೊದಲ ಸಲ ಕೈಯಲ್ಲಿದ್ದ ಕೀಯನ್ನು ನೋಡಿದೆ. ಅದಕ್ಕೆ ಪ್ಲಾಸ್ಟಿಕ್ ಹಿಡಿಯೇ ಇರಲಿಲ್ಲ. ದಪ್ಪನೆಯ ಬೆಳ್ಳಿಯ ಹಿಡಿ, ಒಂದು ಕಡೆ ತಾವರೆ, ಇನ್ನೊಂದು ಕಡೆ ಎರಡು ಆನೆ. ತುಂಬಾ ಚೆಂದದ ಕೆಲಸ.

“ಗೌಡ್ರೇ, ಈ ಕೀ ಮೊದಲಿಂದಲೂ ಹಿಂಗೇ ಇತ್ತಾ?”

ಯಜಮಾನರ ಮುಖ ಅರಳಿತು. “ನಮ್ ಸ್ವಾಸೆ ಮಾಡ್ಸಿದ್ದು! ಮೊದ್ಲಿಂದು ಪಿಲಾಸ್ಟಿಕ್ಕು, ಒಡ್ದೋಗಿತ್ತು. ಅಬ್ಬದ ಇಂದಿನ್ ಸಂಜೆ ತಂದ್ಕೊಟ್ಲು. ಎಂಗೈತೆ?”

“ಬೇರೆ ಕೀ?”

“ಇಲ್ಲ, ಕೊಂಡಾಗ್ಲೂ ಇದೊಂದೇಯ.”

ಚೆನ್ನಾಗಿದೆ ಎಂದೆ. ಕಾರಣ ಸಿಕ್ಕಿದ ಖುಷಿ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಬೆಳ್ಳಿ ಸುತ್ತಿದ ಕೀಯೊಳಗೆ ಕಾಳು ಇದ್ದರೂ ತಂತಿಗೆ ಕಾಣದು. ಕಾಳು ಅಲ್ಲಿರಲಾರದು, ಇದ್ದಿದ್ದರೂ ಬೆಸುಗೆಯ ಬೆಂಕಿಗೆ ಉಳಿಯುತ್ತಿರಲಿಲ್ಲ. ಆ ಮನೆಯವರು ಸೊಸೆಯ ಕಾಲಲ್ಲಿ ಹುಡುಕುತ್ತಿದ್ದ ತಪ್ಪು ನಿಜವಾಗಿಯೂ ಅವಳು ಪ್ರೀತಿಯಿಂದ ಕೊಟ್ಟ ಉಡುಗೊರೆಯಲ್ಲಿತ್ತು. ಇದನ್ನು ಅಂಗಳದಲ್ಲಿ ನಿಂತು ಹೇಳಿದರೆ ಜಗಲಿಯ ಮೇಲಿನವರು “ಅಂಗಾರೆ ಅವ್ಳಿಂದ್ಲೇ ಆಗಿದ್ದು” ಎಂಬುದನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ ಕಾಫಿ ತಂದಳು. ಸುತ್ತ ಯಾರೂ ಇಲ್ಲದ್ದು ನೋಡಿ, ಹಳೆಯ ಪ್ಲಾಸ್ಟಿಕ್ ಹಿಡಿ ಎಲ್ಲಿದೆ ತಾಯಿ ಎಂದು ಮೆಲ್ಲಗೆ ಕೇಳಿದೆ. ಬಲು ಚುರುಕು ಹುಡುಗಿ. ಲೋಟ ಕೊಡುತ್ತಿದ್ದ ಕೈ ಅಲ್ಲೇ ನಿಂತಿತು.

“ಅದರಲ್ಲೇನಾದ್ರೂ ಇತ್ತಾ ಅಣ್ಣ?”

ಹೇಳಿದೆ. ಅವಳ ಕಣ್ಣು ತುಂಬಿತು, ಆದರೆ ಅಳಲಿಲ್ಲ. “ಮಾವ ಅದಕ್ಕೆ ಕರಿ ಟೇಪ್ ಸುತ್ತಿಕೊಂಡಿದ್ರು. ಮುಕ್ಕಾಗಿರೋದನ್ನ ದೇವರ ಮುಂದೆ ಇಡಬಾರದು, ಈ ಸಲ ಕೀ ಪೂಜೆಗೆ ಇಡೋದು ಬೇಡ ಅಂತ ಅತ್ತೆ ಅಂದ್ರು. ಮಾವನ ಮುಖ ಸಪ್ಪಗಾಯ್ತು. ನನ್ನ ಹತ್ರ ಚಿಕ್ಕೋಳಿದ್ದಾಗಿನ ಬೆಳ್ಳಿ ಉಡಿದಾರ ಇತ್ತು. ತವರಿಗೆ ಹೋದಾಗ ನಮ್ಮ ಅಕ್ಕಸಾಲಿಗರ ಹತ್ರ ಕೊಟ್ಟು ಮಾಡಿಸಿದೆ. ಒಡೆದದ್ದು ಅವರ ಅಂಗಡೀಲೇ ಬಿಟ್ಟುಬಂದೆ.”

ಅಲ್ಲೇ ನಾನು ತೀರ್ಮಾನಕ್ಕೆ ಬಂದೆ. ಕೆಟ್ಟದ್ದನ್ನು ಕೆಟ್ಟ ಹಾಗೇ ಗಿರಾಕಿಗೆ ಹೇಳಬೇಕು ಎಂಬುದು ನಮ್ಮ ಗುರುಗಳ ಕಟ್ಟುನಿಟ್ಟು. ಅದನ್ನು ಈ ಒಂದು ಸಲ ಮುರಿಯುವುದು ಎಂದುಕೊಂಡೆ. “ಅದು ಸಿಕ್ಕರೆ ಯಾರಿಗೂ ಗೊತ್ತಾಗದ ಹಾಗೆ ಸ್ಟೀರಿಂಗ್ ಒಳಗೇ ಇಟ್ಟುಬಿಡ್ತೀನಿ. ಒಂದು ವೈರ್ ಲೂಸ್ ಆಗಿತ್ತು ಅಂತೀನಿ. ನೀನು ಸುಮ್ಮನಿದ್ದುಬಿಡು.” ಅವಳು ಅಂಗಡಿಯ ಗುರುತಷ್ಟೇ ಹೇಳಿ ಒಳಗೆ ಹೋದಳು. ಒಂದು ಸಾಮಾನು ತರಬೇಕು ಎಂದು ಯಜಮಾನರಿಗೆ ಹೇಳಿ ನಾನು ಹೊಳೆನರಸೀಪುರಕ್ಕೆ ಹೊರಟೆ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಕಸದ ತಿಪ್ಪೆಗಳನ್ನು ನೋಡುತ್ತಾ ಕೂತಿದ್ದೆ. ಬೆರಳುದ್ದದ ಒಡೆದ ಪ್ಲಾಸ್ಟಿಕ್ಕನ್ನು ಯಾವ ಅಂಗಡಿಯವನು ಇಟ್ಟುಕೊಂಡಿರುತ್ತಾನೆ?

ಪೇಟೆಬೀದಿಯ ಆ ಅಂಗಡಿಯಲ್ಲಿ ಅಕ್ಕಸಾಲಿಗರು ಮೂಗುತಿಯೊಂದಕ್ಕೆ ಬೆಂಕಿ ಊದುತ್ತಿದ್ದರು. ಬೆಳ್ಳಿಯ ಕೀ ತೋರಿಸಿದ್ದೇ ತಡ, ಕೆಲಸದಲ್ಲಿ ಏನೋ ದೋಷವಿದೆ ಎಂದು ಗಾಬರಿಯಾದರು. ದೋಷವಿಲ್ಲ, ಇದರ ಹಳೇ ಹಿಡಿ ಬೇಕಿತ್ತು ಎಂದೆ. ಅವರು ಊದುಗೊಳವೆ ಕೆಳಗಿಟ್ಟರು.

“ಎಲ್ಲಿ ಹೋಗುತ್ತೆ? ಈ ಅಂಗಡಿ ಕಸ ಬೀದಿಗೆ ಹೋಗಲ್ಲ ಸಾ,” ಎಂದು ಮೂಲೆಯಲ್ಲಿದ್ದ ಎಣ್ಣೆಡಬ್ಬ ತೋರಿಸಿದರು. ಬಂಗಾರ ಬೆಳ್ಳಿಯ ಅರದ ಪುಡಿ ಎಲ್ಲೆಲ್ಲಿ ಹಾರಿರುತ್ತದೋ ಹೇಳಲಾಗುವುದಿಲ್ಲ. ಹಾಗಾಗಿ ದಿನಾ ಗುಡಿಸಿದ್ದೆಲ್ಲ, ಕೂದಲು, ಕಾಗದ, ಬೀಡಿತುಂಡು ಸಮೇತ, ಆ ಡಬ್ಬಕ್ಕೆ. ವರ್ಷಕ್ಕೊಮ್ಮೆ ಅದನ್ನು ಸುಟ್ಟು, ಬೂದಿ ತೊಳೆದು, ಪುಡಿ ತೆಗೆಯುತ್ತಾರೆ.

“ಯಾವಾಗ ಸುಡೋದು?” ಎಂದೆ.

“ದೀಪಾವಳಿ ಹತ್ರ ಬಂತಲ್ಲ, ಈ ವಾರವೇ. ಪುಣ್ಯಕ್ಕೆ ಈಗ ಬಂದ್ರಿ.”

ಹಿತ್ತಾಳೆಯ ದೊಡ್ಡ ತಟ್ಟೆಯೊಂದನ್ನು ತಂದು ಡಬ್ಬ ಕವುಚಿದರು. ಫ್ಯಾನ್ ಆರಿಸಿದರು, ಉಸಿರು ಬಿಗಿಹಿಡಿದು ಹುಡುಕಿ ಎಂದರು. ಮೂಗುತಿಗೆ ಕಾಯುತ್ತಿದ್ದ ಗಿರಾಕಿಯನ್ನು ಕೂರಿಸಿ ಅವರೂ ನನ್ನ ಜೊತೆ ಬಗ್ಗಿದರು. ನಮ್ಮಿಬ್ಬರ ಬೆವರೂ ಧೂಳೂ ಸೇರಿ ಮುಖ ಬಹುರೂಪಿಯವರ ಹಾಗಾಯಿತು. ಕರಿ ಟೇಪು ಅಂಟಿದ್ದ ತುಂಡನ್ನು ಕೊನೆಗೆ ಚಿಮುಟದಲ್ಲಿ ಎತ್ತಿದ್ದು ಅವರೇ. ಟೇಪು ಬಿಚ್ಚಿದೆ. ಮೂಲೆಯ ಪುಟ್ಟ ಗೂಡಿನಲ್ಲಿ ಗಾಜಿನ ಕಾಳು ಕದಲದೆ ಕೂತಿತ್ತು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. “ನಮ್ಮ ಹುಡುಗಿ ಮನೆ ಕೆಲಸ ಅಲ್ವಾ,” ಎಂದು ಅವರು ಕೈಯ ಧೂಳನ್ನು ತಟ್ಟೆಯ ಮೇಲೇ ಕೊಡವಿ, ಎಲ್ಲವನ್ನೂ ಡಬ್ಬಕ್ಕೆ ತುಂಬಿದರು.

ಮರುದಿನ ಅಂಗಳಕ್ಕೆ ಹೋದಾಗ ಜಗಲಿಯ ಮೇಲೆ ಒಂದು ಬ್ಯಾಗು ಸಿದ್ಧವಾಗಿತ್ತು. ಸೊಸೆಯನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸುವುದಕ್ಕೆಂದು ನೋಡಿದರೇ ತಿಳಿಯುತ್ತಿತ್ತು.

ಗಾಡಿಯೊಳಗೆ ಒಬ್ಬನೇ ಕೂತು, ಬೆಳ್ಳಿಯ ಕೀ ತೂರಿಸಿ, ಕಾಳನ್ನು ಅದರ ಪಕ್ಕಕ್ಕೆ ಹಿಡಿದು, ಹೂವಿನ ಪರದೆ ಎತ್ತಿದೆ. ಕೀ ತಿರುಗಿಸಿದೆ. ಕೆಂಪು ದೀಪ ಒಂದು ಸಲ ಮಿನುಗಿ ಆರಿಹೋಯಿತು. ಒಂದು ದೀಪ ಆರಿದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಸ್ಟೀರಿಂಗಿನ ಮುಚ್ಚಳ ಬಿಚ್ಚಿ, ಕಾಳನ್ನು ಪ್ಲಾಸ್ಟಿಕ್ಕಿನಿಂದ ಜೋಪಾನವಾಗಿ ಬಿಡಿಸಿ, ತಂತಿಯ ಬಳೆಗೆ ಅಂಟಿಸಿ, ಮೇಲೆ ಟೇಪು ಸುತ್ತಿ ಮುಚ್ಚಿದೆ. ಇನ್ನು ಬೆಳ್ಳಿಯದಾದರೂ ಸರಿ, ಕಬ್ಬಿಣದ್ದಾದರೂ ಸರಿ. ಕಳ್ಳನಿಗೆ ಅನುಕೂಲವೇ, ಆದರೆ ಆ ಊರಿನಲ್ಲಿ ಆ ಗಾಡಿಯನ್ನು ಕದ್ದು ಎಲ್ಲಿ ಬಚ್ಚಿಡುತ್ತಾನೆ?

ಯಜಮಾನರನ್ನು ಕರೆದು ಕೂರಿಸಿದೆ. ಕುಯ್ಯ್ ಎನ್ನುವಷ್ಟರಲ್ಲಿ ಎಂಜಿನ್ ಹತ್ತಿಕೊಂಡಿತು. ಹೊಗೆಯಿಲ್ಲ, ನಡು ನಡುವೆ ನಿಲ್ಲುವುದಿಲ್ಲ, ಆರು ಸಿಲಿಂಡರೂ ಒಂದೇ ಉಸಿರಿನಲ್ಲಿ. ಯಜಮಾನರು ಕಣ್ಣು ಒರೆಸಿಕೊಂಡು, “ಏನಾಗಿತ್ಲಾ?” ಎಂದರು.

“ಒಂದು ವೈರು...” ಎಂದು ಶುರುಮಾಡಿದೆ.

“ವೈರ್ ಅಲ್ಲ ಮಾವ,” ಎಂದಳು ಸೊಸೆ. ಯಾವಾಗ ಅಂಗಳಕ್ಕೆ ಇಳಿದಿದ್ದಳೋ. “ನಾನು ಕೀಗೆ ಬೆಳ್ಳಿ ಹಾಕಿಸಿದ್ದಕ್ಕೇ ಗಾಡಿ ನಿಂತಿದ್ದು. ಒಡೆದ ಪ್ಲಾಸ್ಟಿಕ್ಕಿನೊಳಗೆ ಒಂದು ಕಾಳಿತ್ತು, ನನಗೆ ಗೊತ್ತಿರಲಿಲ್ಲ. ಅಣ್ಣ ಹೊಳೆನರಸೀಪುರಕ್ಕೆ ಹೋಗಿ ಹುಡುಕಿ ತಂದಿದ್ದಾರೆ.”

ನಾನು ಅವಳತ್ತ ನೋಡಿ, ಯಾಕೆ ಎನ್ನುವ ಹಾಗೆ ಕೈ ಆಡಿಸಿದೆ. ಅವಳು ಅತ್ತೆಯನ್ನು ನೋಡುತ್ತಿದ್ದಳು.

“ನಾನು ತಿಳಿಯದೆ ತಪ್ಪು ಮಾಡಿದೆ ಅತ್ತೆ. ತಪ್ಪಾದ್ರೆ ತಿದ್ದಿಕೋಬಹುದು, ಬೈದರೆ ಬೈಸಿಕೋಬಹುದು. ಕಾಲ್ಗುಣ ಅಂದ್ಬಿಟ್ರೆ ನಾನೇನು ಮಾಡ್ಲಿ?”

ಅವಳು ಒಂದು ಮಾತನ್ನೂ ನುಂಗಲಿಲ್ಲ. ಅವಳನ್ನು ಕಾಪಾಡುತ್ತೇನೆಂದು ನಾನು ಹೊಸೆದಿದ್ದ ಸುಳ್ಳು ಅವಳಿಗೆ ಎಷ್ಟು ಅಪಾಯದ್ದೆಂದು ಆಗ ನನಗೆ ಹೊಳೆಯಿತು. ವೈರು ಲೂಸ್ ಆಗಿತ್ತು ಎಂದಿದ್ದರೆ ಕಾಲ್ಗುಣದ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಮುಂದೆ ಪಂಪ್‌ಸೆಟ್ ಸುಟ್ಟರೂ, ಹಸು ಹಾಲು ಕಮ್ಮಿ ಕೊಟ್ಟರೂ ಮತ್ತೆ ಅವಳ ಕಾಲನ್ನೇ ನೋಡುತ್ತಿದ್ದರು.

ಅಮ್ಮಾವ್ರು ಜಗಲಿಗೆ ಹೋಗಿ ಆ ಬ್ಯಾಗನ್ನು ಎತ್ತಿ ಒಳಗೆ ಇಟ್ಟುಬಂದರು.

“ಮುಕ್ಕಾಗಿರೋದ್ನ ಇಡ್ಬ್ಯಾಡಿ ಅಂದೋಳು ನಾನು ಕಣವ್ವ,” ಎಂದರು. “ಅದ್ನ ಕೇಳಿ ತಾನೇ ನೀ ಮಾಡ್ಸಿದ್ದು. ದೀಪಾವಳಿಗೆ ಗಂಡನ್ ಜತೆ, ಇದೇ ಗಾಡೀಲಿ ಓಗು. ಏಯ್, ಪೆಟ್ರೋಲ್ ಸುಮ್ಕೆ ಯಾಕ್ ಉರುಸ್ತೀರಿ, ನಿಂಬೆಹಣ್ಣ್ ಅತ್ಸಿ!” ಕೊನೆಯದು ಯಜಮಾನರಿಗೆ.

ಗಾಡಿ ಮುಂದೆ ಸರಿಯಿತು. ಒಣಗಿದ ಹಣ್ಣುಗಳಿಂದ ರಸವೇನೂ ಬರಲಿಲ್ಲ, ಪಟ್ ಪಟ್ ಎಂದು ಸದ್ದಷ್ಟೇ ಬಂತು. ನಾನು ಸಾಮಾನು ತುಂಬಿಕೊಳ್ಳುವಾಗ ಖಾಲಿ ಪ್ಲಾಸ್ಟಿಕ್ ತುಂಡು ಕೈಗೆ ಸಿಕ್ಕಿತು. ಎಸೆಯಲು ಹೋದರೆ ಅಮ್ಮಾವ್ರು ಕೈಚಾಚಿ ಇಸಿದುಕೊಂಡರು.

ಮುಂದಿನ ವರ್ಷದ ಆಯುಧಪೂಜೆಗೆ ಯಜಮಾನರು ನನ್ನನ್ನೂ ಕರೆಸಿಕೊಂಡರು. ಹಾಸನದ ಅಂಗಡಿಯ ಪೂಜೆ ಬೇಗ ಮುಗಿಸಿ ಹೋದೆ. ಗಾಡಿ ಮಿರಮಿರ ಮಿಂಚುತ್ತಿತ್ತು, ಎಂಜಿನ್ನಿಗೆ ಈ ಸಲ ಬರೀ ಒದ್ದೆಬಟ್ಟೆ. ಮೀಟರಿನ ಮೇಲೆ ಹೂವಿರಲಿಲ್ಲ, ಹಾರವನ್ನು ಯಜಮಾನರೇ ಎತ್ತಿ ಕಟ್ಟಿದ್ದರು. ದೇವರ ಮುಂದಿನ ಮಣೆಯ ಮೇಲೆ ಕುಡಗೋಲು, ಗುದ್ದಲಿ, ಸ್ಪ್ಯಾನರು, ಟ್ರ್ಯಾಕ್ಟರಿನ ಕೀ, ಬೆಳ್ಳಿಯ ಕೀ ಸಾಲಾಗಿ ಇದ್ದವು. ಬೆಳ್ಳಿಯ ಕೀಯ ಪಕ್ಕದಲ್ಲಿ, ಒಂದು ಬಿಡಿ ಹೂವಿನ ಮೇಲೆ, ಆ ಒಡೆದ ಕರಿ ಪ್ಲಾಸ್ಟಿಕ್ಕಿನ ತುಂಡು ಇತ್ತು.

“ಅಮ್ಮಾವ್ರೇ, ಅದರೊಳಗೆ ಈಗ ಏನೂ ಇಲ್ಲ,” ಎಂದೆ. “ಕಾಳು ಗಾಡಿಯೊಳಗಿದೆ.”

“ಗೊತ್ತು ಬುಡಪ್ಪ.”

“ಮುಕ್ಕಾಗಿದೆಯಲ್ಲ?”

“ಆಗ್ಲಿ. ಅಷ್ಟು ದಿನ ಅದ್ರಲ್ಲೇ ಅಲ್ವಾ ಜೀವ ಇದ್ದಿದ್ದು,” ಎಂದು ಕುಂಕುಮದ ಬಟ್ಟಲನ್ನು ಎತ್ತಿಕೊಂಡು ಒಳಗಿದ್ದ ಸೊಸೆಯನ್ನು ಕೂಗಿದರು. “ಬಾರವ್ವ, ಮೊದ್ಲು ನೀ ಇಡು. ನೀ ಇಡೋಗಂಟ ಮಂಗಳಾರತಿ ಎತ್ತಾಕಿಲ್ಲ ನಾನು.”